ಅಳಿಸದ ಬೋರ್ಡು: ಜಪಾನಿನವರು ಕಲಿಸುವ ಬಗೆ

ನಾಲ್ಕನೇ ಕ್ಲಾಸಿನ ಗಣಿತದ ಪಾಠ. ಟೀಚರ್ ಬೋರ್ಡಿನ ಮೇಲೆ ಒಂದು ಚಿತ್ರ ಬರೆಯುತ್ತಾರೆ. ಇಂಗ್ಲಿಷಿನ ಎಲ್ ಅಕ್ಷರದ ಹಾಗಿರುವ ಆಕಾರ. 6 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಒಂದು ಆಯತ ಇತ್ತು ಅಂದುಕೊಳ್ಳಿ. ಅದರ ಬಲಗಡೆಯ ಮೇಲಿನ ಮೂಲೆಯಿಂದ 3 ಸೆಂ.ಮೀ. ಅಗಲ, 2 ಸೆಂ.ಮೀ. ಎತ್ತರದ ತುಂಡನ್ನು ಕತ್ತರಿಸಿ ತೆಗೆದರೆ ಉಳಿಯುವುದು ಈ ಆಕಾರ. ಇದರ ವಿಸ್ತೀರ್ಣ ಎಷ್ಟು?

ನಾವು ಓದಿದ ಕ್ಲಾಸುಗಳಲ್ಲಿ ಇಂಥ ಪಾಠ ಹೇಗೆ ಶುರುವಾಗುತ್ತಿತ್ತು ಅಂತ ನೆನಪಿದೆ ಅಲ್ವಾ? ಮೊದಲು ಟೀಚರ್ ವಿಧಾನ ಹೇಳಿಕೊಡುತ್ತಿದ್ದರು. ಒಂದು ಲೆಕ್ಕ ಮಾಡಿ ತೋರಿಸುತ್ತಿದ್ದರು. ಆಮೇಲೆ ಅಂಥದ್ದೇ ಹತ್ತು ಲೆಕ್ಕ ಮನೆಗೆ.

ಜಪಾನಿನ ಟೀಚರ್ ವಿಧಾನವನ್ನು ಹೇಳಿಕೊಡುವುದಿಲ್ಲ. "ಆಯತದ ವಿಸ್ತೀರ್ಣ ನಿಮಗೆ ಗೊತ್ತು. ಇದನ್ನು ಹೇಗೆ ಕಂಡುಹಿಡಿಯುತ್ತೀರಿ?" ಅಂತ ಕೇಳಿ ಸುಮ್ಮನಾಗುತ್ತಾರೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಗೀಚಲು ಶುರು ಮಾಡುತ್ತಾರೆ. ಟೀಚರ್ ಬೆಂಚುಗಳ ನಡುವೆ ನಿಧಾನಕ್ಕೆ ಓಡಾಡುತ್ತಾರೆ. ಕೈಯಲ್ಲಿ ಒಂದು ರಟ್ಟು, ಅದರ ಮೇಲೆ ಯಾವ ಮಗು ಎಲ್ಲಿ ಕೂತಿದೆ ಅನ್ನುವ ಪಟ್ಟಿ. ಯಾರು ಯಾವ ದಾರಿ ಹಿಡಿದಿದ್ದಾರೆ ಅಂತ ಅದರಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಯಾರಿಗೂ "ಸರಿ" ಅಂತಲೂ ಹೇಳುವುದಿಲ್ಲ, "ತಪ್ಪು" ಅಂತಲೂ ಹೇಳುವುದಿಲ್ಲ.

ಹತ್ತು ನಿಮಿಷ ಆದ ಮೇಲೆ ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆಯುತ್ತಾರೆ. ಮೊದಲು ಬರುವ ಹುಡುಗ 6×5=30 ಅಂತ ಬರೆದಿದ್ದಾನೆ. ತಪ್ಪು ಉತ್ತರ. ಟೀಚರಿಗೆ ಅದು ಗೊತ್ತು. ಗೊತ್ತಿದ್ದೇ ಅವನನ್ನು ಮೊದಲು ಕರೆದಿದ್ದಾರೆ. ಕ್ಲಾಸು ನೋಡುತ್ತದೆ. "ಈ ಮೂಲೆಯಲ್ಲಿ ಏನೂ ಇಲ್ಲವಲ್ಲ?" ಅಂತ ಒಬ್ಬಳು ಕೇಳುತ್ತಾಳೆ. ಹುಡುಗ ಯೋಚಿಸುತ್ತಾನೆ. ಆ ಮೂಲೆ 3×2, ಅಂದರೆ 6. ಹಾಗಾದರೆ 30ರಲ್ಲಿ 6 ಕಳೆದರೆ 24.

ಎರಡನೆಯವಳು ಆಕಾರವನ್ನು ಅಡ್ಡಕ್ಕೆ ಕತ್ತರಿಸಿದ್ದಾಳೆ. ಕೆಳಗೆ 6×3, ಮೇಲೆ 3×2. 18ಕ್ಕೆ 6 ಕೂಡಿಸಿದರೆ 24. ಮೂರನೆಯವನು ಉದ್ದಕ್ಕೆ ಕತ್ತರಿಸಿದ್ದಾನೆ. 15ಕ್ಕೆ 9 ಸೇರಿಸಿ ಅವನಿಗೂ 24. ನಾಲ್ಕನೆಯ ಮಗು ಬೇರೆಯೇ ಏನೋ ಮಾಡಿದೆ. ಮೇಲಿನ 3×2ರ ತುಂಡನ್ನು ಕಿತ್ತು, ತಿರುಗಿಸಿ, ಕೆಳಗಿನ ಪಟ್ಟಿಯ ಪಕ್ಕಕ್ಕೆ ಅಂಟಿಸಿದೆ. ಈಗ ಅದು 8×3ರ ಒಂದೇ ಆಯತ. 24!

ಕ್ಲಾಸಿನಲ್ಲಿ "ಓ" ಅನ್ನುವ ಉದ್ಗಾರ. ಆಗ ಟೀಚರ್ ಕೇಳುತ್ತಾರೆ: "ಇದು ಎಲ್ಲ ಎಲ್ ಆಕಾರಕ್ಕೂ ಆಗುತ್ತದಾ?" ಮಕ್ಕಳು ಮತ್ತೆ ಚಿತ್ರ ನೋಡುತ್ತಾರೆ. ಆ ತುಂಡಿನ ಅಗಲ 3, ಕೆಳಗಿನ ಪಟ್ಟಿಯ ಎತ್ತರವೂ 3. ಹಾಗಾಗಿ ಸರಿಯಾಗಿ ಕೂತಿತು. ಅಳತೆ ಬೇರೆಯಾಗಿದ್ದರೆ ಕೂರುತ್ತಿರಲಿಲ್ಲ. ಕತ್ತರಿಸುವ ದಾರಿ, ಕಳೆಯುವ ದಾರಿ ಮಾತ್ರ ಇಂಥ ಯಾವ ಆಕಾರಕ್ಕೂ ಆಗುತ್ತದೆ.

ಇಲ್ಲಿನ ಅಂಕಿಗಳನ್ನು, ಮಕ್ಕಳ ಮಾತುಗಳನ್ನು ನಾನು ಉದಾಹರಣೆಗೆಂದು ಹಾಕಿದ್ದೇನೆ. ಆದರೆ ಎಲ್ ಆಕಾರದ ಪಾಠ ಜಪಾನಿನ ಪ್ರಾಥಮಿಕ ಶಾಲೆಯ ಟೀಚರುಗಳಿಗೆಲ್ಲ ಚೆನ್ನಾಗಿ ಪರಿಚಯ ಇರುವ ಪಾಠ. ಅದನ್ನು ಮಾಡುವ ಕ್ರಮವೂ ಹೆಚ್ಚುಕಡಿಮೆ ಇದೇ.

ಮೊದಲ ಹುಡುಗನ 30 ಇನ್ನೂ ಬೋರ್ಡಿನ ಮೇಲೇ ಇದೆ. ಅದನ್ನು ಯಾರೂ ಅಳಿಸಿಲ್ಲ. ಅದೇ ತಪ್ಪಿನಿಂದ "ಕಳೆಯುವ ದಾರಿ" ಹುಟ್ಟಿತು. ಜಪಾನಿನ ಕಲಿಕೆಯ ಬಗ್ಗೆ ಓದುತ್ತಾ ಹೋದಂತೆ ನನಗೆ ಮುಖ್ಯ ಅನ್ನಿಸಿದ್ದು ಇದು. ಶಿಸ್ತು, ಸಮಯಪಾಲನೆ, ಮಕ್ಕಳೇ ಶಾಲೆ ಗುಡಿಸುವುದು, ಇವೆಲ್ಲ ಹೊರಗಿನವರ ಕಣ್ಣಿಗೆ ಮೊದಲು ಬೀಳುತ್ತವೆ. ಒಳಗಿರುವ ಅಭ್ಯಾಸ ಬೇರೆ. ಮಾಡಿದ ಕೆಲಸವನ್ನು, ಅದರಲ್ಲಿನ ತಪ್ಪನ್ನು ಎಲ್ಲರ ಕಣ್ಣೆದುರು ಇಟ್ಟು, ಎಲ್ಲರೂ ಸೇರಿ ನೋಡುವುದು. ಮಗುವಿನಿಂದ ಹಿಡಿದು ಟೀಚರ್‌ವರೆಗೆ, ಕಾರ್ಖಾನೆಯ ಕೆಲಸಗಾರನವರೆಗೆ ಇದೇ ಅಭ್ಯಾಸ ಕಾಣಿಸುತ್ತದೆ.

ಹಿಟ್ಟು ನಾದುವ ಪಾಠ

ಈ ಪಾಠದ ಒಂದೊಂದು ಹಂತಕ್ಕೂ ಜಪಾನಿ ಟೀಚರುಗಳ ಬಾಯಲ್ಲಿ ಹೆಸರಿದೆ. ಮಕ್ಕಳನ್ನು ಯೋಚನೆಗೆ ಹಚ್ಚುವ ಪ್ರಶ್ನೆ 'ಹತ್ಸುಮೋನ್'. ಬೆಂಚುಗಳ ನಡುವಿನ ಓಡಾಟ 'ಕಿಕಾನ್ ಶಿದೋ'. ಕೊನೆಯಲ್ಲಿ ಎಲ್ಲವನ್ನೂ ಒಟ್ಟು ಮಾಡುವುದು 'ಮಾತೊಮೆ'. ಪಾಠದ ಜೀವ ಇರುವುದು ಇವುಗಳ ನಡುವಿನ 'ನೆರಿಯಾಗೆ' ಅನ್ನುವ ಹಂತದಲ್ಲಿ. 'ನೆರು' ಅಂದರೆ ನಾದುವುದು. ಹಿಟ್ಟು ನಾದಿದ ಹಾಗೆ, ಮಣ್ಣು ನಾದಿದ ಹಾಗೆ, ಬೇರೆ ಬೇರೆ ಮಕ್ಕಳ ಯೋಚನೆಗಳನ್ನು ಒಟ್ಟಿಗೆ ಹಾಕಿ ನಾದುವುದು. ಇದು ಸರಿಯಾಗಿ ಆಗದಿದ್ದರೆ ಪಾಠ ಸುಮ್ನೆ "ಎಲ್ಲರೂ ಬಂದು ತಮ್ಮ ಉತ್ತರ ಓದಿದರು" ಅನ್ನುವಲ್ಲಿಗೆ ಮುಗಿಯುತ್ತದೆ.

ಬೋರ್ಡಿನ ಬರಹಕ್ಕೂ ಒಂದು ಹೆಸರಿದೆ, 'ಬಾನ್‌ಶೋ'. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಜಪಾನಿನ ಟೀಚರ್ ಪಾಠದ ನಡುವೆ ಬೋರ್ಡು ಒರೆಸುವುದು ಅಪರೂಪ. ಗಣಿತದ ಪಾಠ ಎಡಗಡೆಯ ಪ್ರಶ್ನೆಯಿಂದ ಶುರುವಾಗಿ ಬಲಗಡೆಯ ತೀರ್ಮಾನದಲ್ಲಿ ಮುಗಿಯುತ್ತದೆ. ನಡುವೆ ಮಕ್ಕಳ ದಾರಿಗಳೆಲ್ಲ ಸಾಲಾಗಿ ಇರುತ್ತವೆ. ಎಷ್ಟೋ ಕ್ಲಾಸುಗಳಲ್ಲಿ ಪ್ರತಿ ದಾರಿಯ ಪಕ್ಕ ಆ ಮಗುವಿನ ಹೆಸರಿನ ಅಯಸ್ಕಾಂತದ ಬಿಲ್ಲೆ ಅಂಟಿಸುತ್ತಾರೆ. 45 ನಿಮಿಷದ ಕೊನೆಗೆ ಬೋರ್ಡು ನೋಡಿದರೆ ಪಾಠ ಹೇಗೆ ನಡೆಯಿತು ಅಂತ ಪೂರ್ತಿ ಓದಬಹುದು. ಅರ್ಧಕ್ಕೆ ಗಮನ ತಪ್ಪಿದ ಮಗುವೂ ಹಿಂದಕ್ಕೆ ಹೋಗಿ ಎಳೆ ಹಿಡಿಯಬಹುದು. ಪಾಠದ ಯೋಜನೆ ಮಾಡುವಾಗಲೇ, ಬೋರ್ಡು ಕೊನೆಗೆ ಹೇಗೆ ಕಾಣಬೇಕು ಅಂತ ಟೀಚರ್ ಕಾಗದದ ಮೇಲೆ ಚಿತ್ರ ಬರೆದುಕೊಳ್ಳುತ್ತಾರೆ.

ಬೋರ್ಡಿಗೆ ಕರೆಯುವುದು ಅಂದರೆ ನನಗೆ ನನ್ನ ಶಾಲೆಯೇ ನೆನಪಾಗುತ್ತದೆ. ನಮ್ಮಲ್ಲಿ ಲೆಕ್ಕ ಬಂದವರು ಹೋಗಿ ಬರೆದು ಶಹಭಾಸ್ ಅನ್ನಿಸಿಕೊಳ್ಳುತ್ತಿದ್ದರು. ಬಾರದವರನ್ನು ಕರೆದರೆ ಅದು ಶಿಕ್ಷೆ. ಸೀಮೆಸುಣ್ಣ ಹಿಡಿದು ನಿಂತಾಗ ಹಿಂದಿನಿಂದ ಕೇಳಿದ ನಗು ಇವತ್ತಿಗೂ ಕಿವಿಯಲ್ಲಿದೆ. ತಪ್ಪು ಬರೆದರೆ ಡಸ್ಟರ್ ತಕ್ಷಣ ಬರುತ್ತಿತ್ತು. ಆ ತಪ್ಪು ಯಾಕಾಯಿತು ಅಂತ ಯಾರೂ ಕೇಳಲಿಲ್ಲ. ನನಗೂ ಗೊತ್ತಾಗಲಿಲ್ಲ.

1979ರ ಹೊತ್ತಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಸ್ಟಿಗ್ಲರ್ ಜಪಾನಿನ ಒಂದು ಕ್ಲಾಸಿನಲ್ಲಿ ಕೂತಿದ್ದರು. ಮೂರು ಆಯಾಮದ ಘನವನ್ನು ಕಾಗದದ ಮೇಲೆ ಬರೆಯುವ ಪಾಠ. ಒಬ್ಬ ಹುಡುಗನಿಗೆ ಅದು ಬರುತ್ತಲೇ ಇರಲಿಲ್ಲ. ಟೀಚರ್ ಅವನನ್ನೇ ಬೋರ್ಡಿಗೆ ಕರೆದರು. ಅವನು ಬರೆಯುತ್ತಾನೆ, ಸರಿಯಿಲ್ಲ. ಮತ್ತೆ ಬರೆಯುತ್ತಾನೆ. ನಡುನಡುವೆ ಟೀಚರ್ ಕ್ಲಾಸನ್ನು ಕೇಳುತ್ತಾರೆ, "ಸರಿಯಾಯಿತಾ?" ಮಕ್ಕಳು "ಇಲ್ಲ" ಅನ್ನುತ್ತಾರೆ. ನೋಡುತ್ತಾ ಕೂತ ಸ್ಟಿಗ್ಲರ್ ತಾವೇ ಬೆವರಿದರಂತೆ, ಹುಡುಗ ಈಗ ಅತ್ತುಬಿಡುತ್ತಾನೆ ಅಂತ. ಅವನು ಅಳಲಿಲ್ಲ. ಪಾಠ ಮುಗಿಯುವ ಹೊತ್ತಿಗೆ ಘನ ಸರಿಯಾಗಿ ಬಂತು. ಕ್ಲಾಸು ಚಪ್ಪಾಳೆ ತಟ್ಟಿತು. ಅವನು ನಗುತ್ತಾ ಹೋಗಿ ಕೂತ. ಅಮೆರಿಕದವರ ಕಣ್ಣಿಗೆ ಅವಮಾನ ಅಂತ ಕಂಡದ್ದು ಆ ಕ್ಲಾಸಿಗೆ ಮಾಮೂಲಿ ಕೆಲಸ ಆಗಿತ್ತು.

ಒಬ್ಬ ಹುಡುಗನ ಕಥೆಯಿಂದ ಒಂದು ದೇಶವನ್ನು ಅಳೆಯಲು ಆಗುವುದಿಲ್ಲ, ನಿಜ. ಆದರೆ ಆಮೇಲೆ ದೊಡ್ಡ ಮಟ್ಟದಲ್ಲೂ ನೋಡಿದರು. ಹಲವು ದೇಶಗಳ ಮಕ್ಕಳ ಗಣಿತ, ವಿಜ್ಞಾನದ ಕಲಿಕೆಯನ್ನು ಹೋಲಿಸುವ ಟಿಮ್ಸ್ ಅನ್ನುವ ಅಧ್ಯಯನ 1995ರಲ್ಲಿ ನಡೆದಾಗ ಅದರ ಜೊತೆಗೆ ಎಂಟನೇ ತರಗತಿಯ ಗಣಿತ ಪಾಠಗಳ ವಿಡಿಯೋ ಮಾಡಿದರು. ಜರ್ಮನಿಯಲ್ಲಿ 100, ಅಮೆರಿಕದಲ್ಲಿ 81, ಜಪಾನಿನಲ್ಲಿ 50 ಪಾಠಗಳು. ಮಕ್ಕಳು ತಾವೇ ಕೂತು ಕೆಲಸ ಮಾಡುವ ಸಮಯದಲ್ಲಿ ಏನು ಮಾಡುತ್ತಾರೆ ಅಂತ ಲೆಕ್ಕ ಹಾಕಿದರು. ಅಮೆರಿಕದಲ್ಲಿ ಆ ಸಮಯದ ಸುಮಾರು 96 ಶೇಕಡಾ, ಜರ್ಮನಿಯಲ್ಲಿ ಸುಮಾರು 89 ಶೇಕಡಾ ಹೇಳಿಕೊಟ್ಟ ವಿಧಾನದ ಅಭ್ಯಾಸಕ್ಕೇ ಹೋಗುತ್ತಿತ್ತು. ಜಪಾನಿನಲ್ಲಿ ಅದು ಸುಮಾರು 41 ಶೇಕಡಾ. ಹೆಚ್ಚುಕಡಿಮೆ ಅಷ್ಟೇ ಸಮಯ ಹೊಸ ದಾರಿ ಹುಡುಕುವುದಕ್ಕೆ, ಯೋಚಿಸುವುದಕ್ಕೆ ಹೋಗುತ್ತಿತ್ತು. ಜಪಾನ್ ಅಂದರೆ ಬಾಯಿಪಾಠ ಅಂತ ನಂಬಿದ್ದವರಿಗೆ ಇದು ಆಶ್ಚರ್ಯ ತಂದಿತು. ಬಾಯಿಪಾಠವೂ ಅಲ್ಲಿದೆ, ಅದು ಜಾಸ್ತಿ ಕಾಣುವುದು ಪರೀಕ್ಷೆಯ ತಯಾರಿಯಲ್ಲಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗೋಡೆಗೆ ಒರಗಿ ನಿಂತ ಟೀಚರುಗಳು

ಟೀಚರಿಗೆ ಹೀಗೆ ಪಾಠ ಮಾಡುವುದನ್ನು ಯಾರು ಕಲಿಸುತ್ತಾರೆ? ಇದಕ್ಕೆ ಉತ್ತರ 'ಜುಗ್ಯೋ ಕೆಂಕ್ಯೂ'. ಜುಗ್ಯೋ ಅಂದರೆ ಪಾಠ, ಕೆಂಕ್ಯೂ ಅಂದರೆ ಸಂಶೋಧನೆ. ಒಂದು ಶಾಲೆಯ ಟೀಚರುಗಳು ಕೂತು ಒಂದು ಪಾಠವನ್ನು ವಾರಗಟ್ಟಲೆ ತಯಾರು ಮಾಡುತ್ತಾರೆ. ಪಠ್ಯಪುಸ್ತಕದಲ್ಲಿ ಈ ವಿಷಯ ಯಾಕೆ ಇಲ್ಲಿ ಬಂತು, ಹಿಂದಿನ ವರ್ಷ ಮಕ್ಕಳು ಏನು ಕಲಿತಿದ್ದರು, ಮುಂದೆ ಇದು ಯಾವುದಕ್ಕೆ ಬೇಕು, ಎಲ್ಲ ನೋಡುತ್ತಾರೆ. ಎಲ್ ಆಕಾರಕ್ಕೆ 6, 5, 3, 2 ಅಂತಲೇ ಅಳತೆ ಕೊಡಬೇಕಾ, ಬೇರೆ ಕೊಟ್ಟರೆ ಮಕ್ಕಳ ದಾರಿ ಬದಲಾಗುತ್ತದಾ ಅನ್ನುವುದೂ ಅವರಿಗೆ ಚರ್ಚೆಯ ವಿಷಯ. 3ರ ಬದಲು 4 ಅಂತ ಇಟ್ಟರೆ ತಿರುಗಿಸಿ ಅಂಟಿಸುವ ದಾರಿ ಆ ಕ್ಲಾಸಿನಲ್ಲಿ ಬರುವುದೇ ಇಲ್ಲ, ನೋಡಿ. ಮಕ್ಕಳು ಯಾವ ಯಾವ ಉತ್ತರ ಕೊಡಬಹುದು, ಯಾವ ತಪ್ಪು ಮಾಡಬಹುದು ಅಂತ ಯೋಜನೆಯಲ್ಲಿ ಮೊದಲೇ ಬರೆಯುತ್ತಾರೆ.

ಆಮೇಲೆ ಅವರಲ್ಲಿ ಒಬ್ಬರು ಆ ಪಾಠವನ್ನು ನಿಜವಾದ ಮಕ್ಕಳಿಗೆ ಮಾಡುತ್ತಾರೆ. ಉಳಿದವರು ಗೋಡೆಯುದ್ದಕ್ಕೂ ನಿಂತು ನೋಡುತ್ತಾರೆ. ಅವರ ಕಣ್ಣು ಟೀಚರ್ ಮೇಲಿರುವುದಕ್ಕಿಂತ ಮಕ್ಕಳ ಮೇಲೆ, ಅವರ ನೋಟ್‌ಬುಕ್ಕಿನ ಮೇಲೆ ಇರುತ್ತದೆ. ಯಾವ ಮಗು ಎಲ್ಲಿ ನಿಂತಿತು, ಯಾವಾಗ ಪೆನ್ಸಿಲ್ ಕೆಳಗಿಟ್ಟಿತು, ಪಕ್ಕದವರ ಮಾತು ಕೇಳಿ ಏನು ಬದಲಾಯಿಸಿತು ಅಂತ ಬರೆದುಕೊಳ್ಳುತ್ತಾರೆ.

ಪಾಠ ಮುಗಿದ ಮೇಲೆ ಎಲ್ಲರೂ ಕೂರುತ್ತಾರೆ. ಸಾಮಾನ್ಯವಾಗಿ ಮೊದಲು ಮಾತಾಡುವುದು ಪಾಠ ಮಾಡಿದವರೇ. ಆಮೇಲೆ ನೋಡಿದವರು. ಕೊನೆಗೆ ಹೊರಗಿನಿಂದ ಬಂದ ಒಬ್ಬ ಅನುಭವಿ. ಪಾಠ ಎಲ್ಲರೂ ಸೇರಿ ಮಾಡಿದ್ದು. ಹಾಗಾಗಿ ಎಡವಟ್ಟಾದರೂ ಅದು ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ.

ನಮ್ಮ ಟೀಚರುಗಳಿಗೆ ಕ್ಲಾಸಿನ ಹಿಂದೆ ಯಾರಾದರೂ ಬಂದು ಕೂತರೆ ಅದು 'ಇನ್‌ಸ್ಪೆಕ್ಷನ್'. ಕರ್ನಾಟಕದಲ್ಲಿ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿವೆ. ಅಕ್ಕಪಕ್ಕದ ಶಾಲೆಗಳ ಟೀಚರುಗಳು ಅಲ್ಲಿ ಸೇರುತ್ತಾರೆ. ಅಂದರೆ ಸೇರುವ ಜಾಗ ನಮ್ಮಲ್ಲೂ ಇದೆ. ಆ ಸಭೆಯ ನಡುವೆ ನಿಜವಾದ ಮಕ್ಕಳ ಒಂದು ಪಾಠ ಇಟ್ಟು, ಎಲ್ಲರೂ ನಿಂತು ನೋಡಿದರೆ ಮಾತು ಎಷ್ಟು ಬೇರೆಯಾಗಬಹುದು ಅಂತ ನನಗೆ ಆಗಾಗ ಅನ್ನಿಸುತ್ತದೆ.

1990ರ ದಶಕದ ಕೊನೆಯಲ್ಲಿ ಈ ಪದ್ಧತಿ ಅಮೆರಿಕಕ್ಕೆ ಹೋಯಿತು. ಆಮೇಲೆ ಸಿಂಗಾಪುರ, ಇಂಡೋನೇಷ್ಯಾ, ಜಾಂಬಿಯಾ. ಎಲ್ಲ ಕಡೆ ಸುಲಭವಾಗಿ ಬೇರು ಬಿಡಲಿಲ್ಲ. ಕಾರಣ ಸರಳ. ಇದಕ್ಕೆ ದುಡ್ಡಿಗಿಂತ ಸಮಯ ಬೇಕು. ಟೀಚರುಗಳು ಒಟ್ಟಿಗೆ ಕೂರುವ ಜಾಗವೂ ಬೇಕು. ಜಪಾನಿನ ಶಾಲೆಯಲ್ಲಿ ಎಲ್ಲ ಟೀಚರುಗಳ ಮೇಜೂ ಒಂದೇ ದೊಡ್ಡ ಕೋಣೆಯಲ್ಲಿ ಇರುತ್ತದೆ. ಹೊಸಬರ ಮೇಜಿನ ಪಕ್ಕದಲ್ಲೇ ಇಪ್ಪತ್ತು ವರ್ಷ ಪಾಠ ಮಾಡಿದವರು ಕೂತಿರುತ್ತಾರೆ. ಅಮೆರಿಕದ ಟೀಚರಿನ ಮೇಜು ಅವರವರ ಕ್ಲಾಸಿನಲ್ಲೇ ಇರುತ್ತದೆ. ಬಾಗಿಲು ಹಾಕಿಕೊಂಡರೆ ಅವರ ಪಾಠ ಬೇರೆಯವರಿಗೆ ಕಾಣುವುದೇ ಇಲ್ಲ.

ಜಗಳ ಬಿಡಿಸದ ಟೀಚರ್

ಒಟ್ಟಿಗೆ ಇರುವುದನ್ನು ಕಲಿಸುವುದು ಶಿಶುವಿಹಾರದಲ್ಲೇ ಶುರು. 1980ರ ದಶಕದಲ್ಲಿ ಅಮೆರಿಕದ ಸಂಶೋಧಕ ಜೋಸೆಫ್ ಟೋಬಿನ್ ಮತ್ತು ಜೊತೆಗಾರರು ಜಪಾನಿನ ಕ್ಯೋಟೋ, ಚೀನಾದ ಕುನ್‌ಮಿಂಗ್, ಅಮೆರಿಕದ ಹೊನೊಲುಲುವಿನ ಶಿಶುವಿಹಾರಗಳಲ್ಲಿ ವಿಡಿಯೋ ಮಾಡಿದರು. ಆಮೇಲೆ ಒಂದು ದೇಶದ ವಿಡಿಯೋವನ್ನು ಇನ್ನೊಂದು ದೇಶದ ಟೀಚರುಗಳಿಗೆ ತೋರಿಸಿ ಅಭಿಪ್ರಾಯ ಕೇಳಿದರು. ಇದು ತುಂಬಾ ಒಳ್ಳೆಯ ಉಪಾಯ. ಅವರ ಉತ್ತರದಲ್ಲಿ ಅವರದೇ ನಂಬಿಕೆಗಳು ಹೊರಗೆ ಬರುತ್ತವೆ.

ಕ್ಯೋಟೋದ ಕ್ಲಾಸಿನಲ್ಲಿ ಮಕ್ಕಳು ಜಗಳವಾಡುತ್ತಿದ್ದರೂ ಟೀಚರ್ ಮಧ್ಯೆ ಬರಲಿಲ್ಲ. ಅಮೆರಿಕದವರು ದಿಗಿಲಾದರು. ಒಬ್ಬ ಟೀಚರಿಗೆ ಅಷ್ಟೊಂದು ಮಕ್ಕಳಾ ಅಂತ ಕೇಳಿದರು. ಜಪಾನಿನ ಟೀಚರುಗಳ ಲೆಕ್ಕವೇ ಬೇರೆ. ಗುಂಪು ದೊಡ್ಡದಿದ್ದರೆ ಮಕ್ಕಳು ತಮ್ಮ ಜಗಳ ತಾವೇ ಬಗೆಹರಿಸಿಕೊಳ್ಳುತ್ತಾರೆ. ಮಕ್ಕಳು ಕಮ್ಮಿಯಾದರೆ ಪ್ರತಿ ಮಗುವೂ ಟೀಚರ್ ಕಡೆಗೇ ತಿರುಗುತ್ತದೆ. ಹೀಗೆ ದೂರದಿಂದ, ಕಣ್ಣು ತೆಗೆಯದೆ, ಕೈ ಹಾಕದೆ ನೋಡಿಕೊಳ್ಳುವುದನ್ನು 'ಮಿಮಾಮೊರು' ಅನ್ನುತ್ತಾರೆ. 'ಮಿ' ಅಂದರೆ ನೋಡುವುದು, 'ಮಾಮೊರು' ಅಂದರೆ ಕಾಯುವುದು.

ಮುಂದೆ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೇ ಬಿಳಿ ಕೋಟು, ಟೋಪಿ ಹಾಕಿಕೊಂಡು ಊಟ ಬಡಿಸುತ್ತಾರೆ. ಸರದಿಯ ಮೇಲೆ ಕ್ಲಾಸು ಗುಡಿಸುತ್ತಾರೆ. ಕ್ಲಾಸಿನ ಸಭೆ ತಾವೇ ನಡೆಸುತ್ತಾರೆ. ಇದನ್ನೆಲ್ಲ 'ತೊಕ್ಕಾತ್ಸು' ಅಂತ ಒಟ್ಟಿಗೆ ಕರೆಯುವುದುಂಟು. ಈಜಿಪ್ಟ್ 2016ರಲ್ಲಿ ಜಪಾನಿನ ಜೊತೆ ಒಪ್ಪಂದ ಮಾಡಿಕೊಂಡು, 2018ರಿಂದ ಇದೇ ಮಾದರಿಯ ಶಾಲೆಗಳನ್ನು ತೆರೆಯಿತು. ಅಲ್ಲಿ ಮಕ್ಕಳ ಕೈಗೆ ಪೊರಕೆ ಕೊಟ್ಟದ್ದೇ ದೊಡ್ಡ ಚರ್ಚೆಯಾಯಿತು. ನಮ್ಮಲ್ಲೂ ಆಗುತ್ತದೆ. ಯಾವ ಜಾತಿಯ, ಯಾವ ಮನೆಯ ಮಗು ಗುಡಿಸಬೇಕು ಅನ್ನುವ ಹಳೆಯ ಗಾಯ ಇರುವ ಸಮಾಜದಲ್ಲಿ ಪೊರಕೆ ಸುಮ್ನೆ ಪೊರಕೆ ಅಲ್ಲ. ಎಲ್ಲರೂ, ಟೀಚರ್ ಸೇರಿ, ಒಂದೇ ಸರದಿಯಲ್ಲಿ ಬಂದರೆ ಮಾತ್ರ ಅದು ಕಲಿಕೆಯಾಗುತ್ತದೆ.

ಹೊರಗಿನಿಂದ ಬಂದದ್ದು, ಹೊರಗೆ ಹೋದದ್ದು

ಇದೆಲ್ಲ ಜಪಾನಿನ ರಕ್ತದಲ್ಲೇ ಇದೆ ಅಂತ ಹೇಳುವವರಿದ್ದಾರೆ. ಇತಿಹಾಸ ನೋಡಿದರೆ ಹಾಗಲ್ಲ. ಎದೋ ಕಾಲದ, ಅಂದರೆ 1868ಕ್ಕಿಂತ ಹಿಂದಿನ, 'ತೆರಾಕೊಯಾ' ಶಾಲೆಗಳಲ್ಲಿ ಇಡೀ ಕ್ಲಾಸಿಗೆ ಒಟ್ಟಿಗೆ ಪಾಠ ಮಾಡುವ ರೂಢಿ ಇರಲಿಲ್ಲ. ನಮ್ಮ ಕೂಲಿಮಠಗಳ ಹಾಗೆ ಬೇರೆ ಬೇರೆ ವಯಸ್ಸಿನ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು. ಗುರುಗಳು ಒಬ್ಬೊಬ್ಬರನ್ನೇ ಕರೆದು ಅವರವರ ಪಾಠ ಹೇಳಿಕೊಡುತ್ತಿದ್ದರು. 1872ರಲ್ಲಿ ಮೇಜಿ ಚಕ್ರವರ್ತಿಯ ಸರ್ಕಾರ ಹೊಸ ಶಿಕ್ಷಣ ಪದ್ಧತಿ ತಂದಿತು. ಅದೇ ವರ್ಷ ಟೋಕಿಯೋದಲ್ಲಿ ಟೀಚರುಗಳ ತರಬೇತಿ ಶಾಲೆ ಶುರುವಾಯಿತು. ಅಲ್ಲಿ ಮರಿಯನ್ ಸ್ಕಾಟ್ ಅನ್ನುವ ಅಮೆರಿಕದ ಶಿಕ್ಷಕ ಅಮೆರಿಕದ ಶಾಲೆಯ ಹಾಗೇ ಪಾಠ ಮಾಡಿ ತೋರಿಸಿದರು. ಇವತ್ತು ನಾವು 'ಜಪಾನಿನ ಕ್ಲಾಸು' ಅಂತ ಕರೆಯುವುದರ ಬೀಜ ಹೀಗೆ ಅಮೆರಿಕದಿಂದ ಬಂದದ್ದು. ಹೊಸ ಪದ್ಧತಿಯನ್ನು ಒಬ್ಬರು ಮಾಡಿ ತೋರಿಸಿ ಉಳಿದವರು ನೋಡಿ ವಿಮರ್ಶೆ ಮಾಡುವ ಅಭ್ಯಾಸವೂ ಮೇಜಿ ಕಾಲದ ಇಂಥ ಶಾಲೆಗಳಿಂದಲೇ ಹರಡಿತು.

ನೋಡಿ ಕಲಿಯುವ ಸಂಪ್ರದಾಯ ಮಾತ್ರ ಅದಕ್ಕಿಂತ ಹಳೆಯದು. ಕಸುಬು ಕಲಿಯುವ ಹುಡುಗನಿಗೆ 'ಮಿನಾರಾಯಿ' ಅನ್ನುತ್ತಾರೆ. ನೋಡಿ ಕಲಿಯುವವನು ಅಂತಲೇ ಅದರ ಅರ್ಥ. ಗುರು ಬಾಯಿ ಬಿಟ್ಟು ಹೇಳುವುದು ಕಮ್ಮಿ. ಕಸುಬನ್ನು 'ಕದಿಯಬೇಕು' ಅನ್ನುವ ಮಾತೂ ಇದೆ. ಇಸೆಯ ಶಿಂತೋ ದೇಗುಲವನ್ನು ಪ್ರತಿ 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ 62ನೇ ಸಲ ಕಟ್ಟಿದರು. ಒಬ್ಬ ಬಡಗಿ ಇಪ್ಪತ್ತರ ಹರೆಯದಲ್ಲಿ ಕೈಜೋಡಿಸಿ ನೋಡುತ್ತಾನೆ, ನಲವತ್ತರಲ್ಲಿ ತಾನೇ ಕಟ್ಟುತ್ತಾನೆ, ಅರವತ್ತರಲ್ಲಿ ಕಿರಿಯರಿಗೆ ತೋರಿಸುತ್ತಾನೆ. ಇಡೀ ಕಸುಬು ಕಟ್ಟಡದ ಮೂಲಕವೇ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ.

ಕಾರ್ಖಾನೆಯ ಕಥೆಯಲ್ಲೂ ಅಮೆರಿಕ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಹೊಸ ಕೆಲಸಗಾರರಿಗೆ ಬೇಗ ಕೆಲಸ ಕಲಿಸಲು ಒಂದು ತರಬೇತಿ ಪದ್ಧತಿ ಮಾಡಿತ್ತು. 'ಟಿಡಬ್ಲ್ಯುಐ' ಅಂತ ಅದರ ಹೆಸರು. ಕೆಲಸವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆದು, ಮಾಡಿ ತೋರಿಸಿ, ಮಾಡಿಸಿ ನೋಡುವುದು. ಕಲಿಯುವವನು ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಅನ್ನುವುದು ಅದರ ಮೂಲ ಮಾತು. ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಅದು ಬಹುಪಾಲು ಮರೆತುಹೋಯಿತು. ಜಪಾನಿನಲ್ಲಿ ಉಳಿಯಿತು. ಟೊಯೋಟಾ ಅದನ್ನು ಹಿಡಿದು ದಶಕಗಟ್ಟಲೆ ತಿದ್ದಿ ತೀಡಿತು.

ಟೊಯೋಟಾ ಕಾರ್ಖಾನೆಯ ಲೈನಿನಲ್ಲಿ ಕೆಲಸಗಾರನ ಕೈಗೆಟುಕುವ ಹಾಗೆ ಒಂದು ಹಗ್ಗ (ಈಗ ಕೆಲವು ಕಡೆ ಅದರ ಬದಲು ಬಟನ್) ಇರುತ್ತದೆ. ಏನಾದರೂ ಸರಿಯಿಲ್ಲ ಅನ್ನಿಸಿದರೆ ಅವನು ಎಳೆಯಬಹುದು, ಎಳೆಯಲೇಬೇಕು. 'ಆಂದೋನ್' ಫಲಕದಲ್ಲಿ ದೀಪ ಹತ್ತುತ್ತದೆ. ತಂಡದ ನಾಯಕ ಓಡಿ ಬರುತ್ತಾನೆ. ಸಮಸ್ಯೆ ಬಗೆಹರಿಯದಿದ್ದರೆ ಲೈನು ನಿಲ್ಲುತ್ತದೆ. ದೀಪ ಎಲ್ಲರಿಗೂ ಕಾಣುತ್ತದೆ. ಎಲ್ ಆಕಾರದ ಪಾಠದಲ್ಲಿ ಬೋರ್ಡಿನ ಮೇಲೆ ಉಳಿದ 30 ನೆನಪಾಗುತ್ತದೆ ನನಗೆ.

ಈ ಅಭ್ಯಾಸ ಬೇರೆ ನೆಲದಲ್ಲಿ ಬೆಳೆಯುತ್ತದಾ? ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ ಒಂದಿತ್ತು. ಗೈರುಹಾಜರಿ, ಜಗಳ, ಕೆಟ್ಟ ಕಾರು ಅಂತ ಹೆಸರು ಕೆಡಿಸಿಕೊಂಡಿದ್ದ ಅದು 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಸೇರಿ 'ನುಮ್ಮಿ' ಅನ್ನುವ ಹೆಸರಲ್ಲಿ ಅಲ್ಲೇ ಮತ್ತೆ ಶುರು ಮಾಡಿದವು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ನೂರಾರು ಜನರನ್ನು ಜಪಾನಿಗೆ ಕರೆಸಿ, ಲೈನಿನ ಮೇಲೆ ಜಪಾನಿ ಕೆಲಸಗಾರರ ಪಕ್ಕ ನಿಲ್ಲಿಸಿ ಕಲಿಸಿದರು. ಸ್ವಲ್ಪ ಕಾಲದಲ್ಲೇ ಅಲ್ಲಿಂದ ಬರುವ ಕಾರುಗಳ ಗುಣಮಟ್ಟ ಜಪಾನಿನ ಕಾರುಗಳ ಹತ್ತಿರ ಬಂತು. ಜನ ಅದೇ, ಊರು ಅದೇ. ಆದರೆ ಜನರಲ್ ಮೋಟಾರ್ಸ್ ಅದನ್ನು ತನ್ನ ಬೇರೆ ಕಾರ್ಖಾನೆಗಳಿಗೆ ಒಯ್ಯಲು ತುಂಬಾ ಕಷ್ಟಪಟ್ಟಿತು. ಹಗ್ಗ ಕಟ್ಟುವುದು ಸುಲಭ. ಎಳೆದವನಿಗೆ ಬೈಯದ ಮೇಲಧಿಕಾರಿ ಸಿಗುವುದು ಕಷ್ಟ.

ನಮಗೆ ಹತ್ತಿರದ ಉದಾಹರಣೆ ಬಿಡದಿಯಲ್ಲಿದೆ. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಆವರಣದಲ್ಲಿ 2007ರಲ್ಲಿ ಒಂದು ತಾಂತ್ರಿಕ ತರಬೇತಿ ಶಾಲೆ ಶುರುವಾಯಿತು. ಹತ್ತನೇ ಕ್ಲಾಸು ಮುಗಿಸಿದ, ಹಳ್ಳಿಯ ಬಡ ಮನೆಗಳ ಮಕ್ಕಳನ್ನು ಸೇರಿಸಿಕೊಂಡು ಮೂರು ವರ್ಷ ಅಲ್ಲೇ ಇರಿಸಿಕೊಂಡು ಕಲಿಸುತ್ತಾರೆ. ಕೆಲಸದ ಜೊತೆಗೆ ದೇಹ, ಮನಸ್ಸು, ನಡವಳಿಕೆಯೂ ಪಾಠದ ಭಾಗ.

ಇಲ್ಲಿ ಜರ್ಮನಿಯ ಜೊತೆ ಹೋಲಿಸಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಜರ್ಮನಿಯಲ್ಲಿ 300ಕ್ಕೂ ಹೆಚ್ಚು ಕಸುಬುಗಳಿಗೆ ಅಪ್ರೆಂಟಿಸ್ ತರಬೇತಿ ಇದೆ. ಹುಡುಗ ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ, ಕೆಲವು ದಿನ ಶಾಲೆಯಲ್ಲಿ ಕಲಿಯುತ್ತಾನೆ. ಕೊನೆಗೆ ಸಿಗುವ ಪ್ರಮಾಣಪತ್ರಕ್ಕೆ ಇಡೀ ದೇಶದಲ್ಲಿ ಬೆಲೆ ಇದೆ. ಕಸುಬು ಅವನದು. ಜಪಾನಿನ ದೊಡ್ಡ ಕಂಪನಿ ಪ್ರತಿ ಏಪ್ರಿಲ್ 1ಕ್ಕೆ ಕಾಲೇಜು ಮುಗಿಸಿದವರನ್ನು ಒಟ್ಟಿಗೆ ಸೇರಿಸಿಕೊಂಡು, ತಾನೇ ಕೆಲಸ ಕಲಿಸಿ, ಕೆಲವು ವರ್ಷಕ್ಕೊಮ್ಮೆ ವಿಭಾಗ ಬದಲಿಸುತ್ತಾ ಬೆಳೆಸುತ್ತದೆ. ಅವರು ಸೇರಿದ್ದು ಕೆಲಸಕ್ಕಲ್ಲ, ಕಂಪನಿಗೆ ಅಂತ ಜಪಾನಿನವರೇ ಹೇಳುತ್ತಾರೆ. ಆ ಕಂಪನಿ ಬಿಟ್ಟರೆ ಕಲಿತದ್ದರಲ್ಲಿ ಎಷ್ಟೋ ಭಾಗ ಅಲ್ಲೇ ಉಳಿಯುತ್ತದೆ. ಕಾಯಂ ಕೆಲಸ ಸಿಗದವರಿಗೆ ಆ ತರಬೇತಿಯ ಬಾಗಿಲೂ ಪೂರ್ತಿ ತೆರೆಯುವುದಿಲ್ಲ.

ಎಲ್ಲರ ಕಣ್ಣು ತಡೆಯಲಾಗದವರು

ಈಗ ಕಷ್ಟದ ಮಾತಿಗೆ ಬರೋಣ. ಎಲ್ಲರ ಕಣ್ಣೆದುರು ಕಲಿಯುವುದು ಎಷ್ಟು ಶಕ್ತಿ ಕೊಡುತ್ತದೋ ಅಷ್ಟೇ ಭಾರವೂ ಹೌದು. ಹೊರಗೆ ಚಾಚಿದ ಗೂಟಕ್ಕೆ ಸುತ್ತಿಗೆ ಏಟು ಬೀಳುತ್ತದೆ ಅಂತ ಜಪಾನಿನಲ್ಲಿ ಒಂದು ಗಾದೆ ಇದೆ. 2017ರಲ್ಲಿ ಒಸಾಕಾದಲ್ಲಿ ಒಬ್ಬ ವಿದ್ಯಾರ್ಥಿನಿ ಕೋರ್ಟಿಗೆ ಹೋದಳು. ಹುಟ್ಟಿನಿಂದಲೇ ಕಂದು ಬಣ್ಣದ ತನ್ನ ಕೂದಲಿಗೆ ಕಪ್ಪು ಬಣ್ಣ ಹಚ್ಚುವಂತೆ ಶಾಲೆ ಒತ್ತಾಯ ಮಾಡಿತು ಅನ್ನುವುದು ಅವಳ ದೂರು.

2023ರ ಶೈಕ್ಷಣಿಕ ವರ್ಷದಲ್ಲಿ ವರ್ಷಕ್ಕೆ 30 ದಿನ ಅಥವಾ ಹೆಚ್ಚು ಶಾಲೆಗೆ ಹೋಗದೆ ಉಳಿದ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಯ ಮಕ್ಕಳು 3,46,482. ಇವರನ್ನು 'ಫುತೋಕೋ' ಅನ್ನುತ್ತಾರೆ. ಕಾಯಿಲೆ, ಬಡತನದ ಕಾರಣ ಬಾರದವರು ಈ ಲೆಕ್ಕದಲ್ಲಿಲ್ಲ. ಅದೇ ದೇಶ, ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯಲ್ಲಿ, 2022ರಲ್ಲಿ ಗಣಿತದಲ್ಲಿ 5ನೇ, ಓದಿನಲ್ಲಿ 3ನೇ, ವಿಜ್ಞಾನದಲ್ಲಿ 2ನೇ ಜಾಗದಲ್ಲಿತ್ತು. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಂಡೇ ಜಪಾನಿನ ಬಗ್ಗೆ ಮಾತಾಡಬೇಕು ಅಂತ ನಾನು ನಂಬುತ್ತೇನೆ.

ಮಾಧ್ಯಮಿಕ ಶಾಲೆಗೆ ಬಂದರೆ ಪರೀಕ್ಷೆಯ ನೆರಳು ಉದ್ದವಾಗುತ್ತದೆ. ಹೈಸ್ಕೂಲಿಗೇ ಪ್ರವೇಶ ಪರೀಕ್ಷೆ. ಸಂಜೆ 'ಜುಕು' ಅನ್ನುವ ಟ್ಯೂಷನ್. ಅಲ್ಲಿ ಎಲ್ ಆಕಾರದ ಚರ್ಚೆಗೆ ಪುರುಸೊತ್ತಿಲ್ಲ. ಒತ್ತಡ ಕಮ್ಮಿ ಮಾಡಲು 2002ರಲ್ಲಿ ಪಾಠದ ಭಾರವನ್ನು ಸುಮಾರು 30 ಶೇಕಡಾ ಇಳಿಸಿದರು, ಶನಿವಾರದ ಶಾಲೆ ನಿಲ್ಲಿಸಿದರು. 'ಯುತೋರಿ', ಅಂದರೆ ಬಿಡುವು ಅನ್ನುವ ಹೆಸರಲ್ಲಿ. 2003ರ ಪೀಸಾದಲ್ಲಿ ಓದಿನ ಜಾಗ 8ರಿಂದ 14ಕ್ಕೆ ಕುಸಿಯಿತು. ದೇಶ ಗಾಬರಿಯಾಯಿತು, ಪಾಠ ಮತ್ತೆ ತುಂಬಿತು. ಹೊಸ ಪದ್ಧತಿ ಶುರುವಾಗಿ ಒಂದೇ ವರ್ಷಕ್ಕೆ ನಡೆದ ಪರೀಕ್ಷೆಯಿಂದ ಅದರ ಹಣೆಬರಹ ತೀರ್ಮಾನ ಆದದ್ದು ನನಗೆ ಇವತ್ತಿಗೂ ಬೇಸರ ತರುತ್ತದೆ.

ಟೀಚರುಗಳ ಸ್ಥಿತಿಯೂ ಹಗುರ ಇಲ್ಲ. ಹಲವು ದೇಶಗಳ ಟೀಚರುಗಳನ್ನು ಕೇಳಿ ಮಾಡಿದ 2018ರ ಟಾಲಿಸ್ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಾಲೆಯ ಟೀಚರ್ ವಾರಕ್ಕೆ 56 ಗಂಟೆ ಕೆಲಸ ಮಾಡುತ್ತಿದ್ದರು. ಭಾಗವಹಿಸಿದ ದೇಶಗಳಲ್ಲೇ ಅದು ಹೆಚ್ಚು. ಸರಾಸರಿ ಸುಮಾರು 38 ಗಂಟೆ. ಸಂಜೆಯ ಕ್ರೀಡಾ ಕ್ಲಬ್ಬು, ಕಾಗದಪತ್ರ, ಪೋಷಕರ ಫೋನು, ಎಲ್ಲ ಅವರ ಮೇಲೇ. ವಾರಗಟ್ಟಲೆ ಕೂತು ಒಂದು ಪಾಠ ಕಟ್ಟುವ ಜುಗ್ಯೋ ಕೆಂಕ್ಯೂಗೆ ಬೇಕಾದ ಸಮಯವನ್ನೂ ಇದೇ 56 ಗಂಟೆಯೊಳಗೆ ಹುಡುಕಬೇಕು.

ಎಲ್ಲರೂ ಒಟ್ಟಿಗೆ ಅನ್ನುವ ನಂಬಿಕೆಯನ್ನೇ ಜಪಾನ್ ಈಗ ಸ್ವಲ್ಪ ಸಡಿಲಿಸುತ್ತಿದೆ. ನಮ್ಮಲ್ಲಿ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ, ಪ್ರತಿ ಮಗುವೂ ತನ್ನ ಏಣಿಯನ್ನು ತನ್ನ ವೇಗದಲ್ಲಿ ಹತ್ತಲಿ ಅಂದಿತು. ಜಪಾನಿನ ಪ್ರಾಥಮಿಕ ಶಾಲೆ ಇಡೀ ಕ್ಲಾಸು ಒಂದೇ ಮೆಟ್ಟಿಲ ಮೇಲೆ ನಿಲ್ಲಲಿ ಅನ್ನುತ್ತಾ ಬಂದಿತ್ತು. 2021ರಲ್ಲಿ ಅಲ್ಲಿನ ಕೇಂದ್ರ ಶಿಕ್ಷಣ ಮಂಡಳಿ ತನ್ನ ವರದಿಯಲ್ಲಿ 'ಒಬ್ಬೊಬ್ಬರಿಗೂ ಹೊಂದುವ ಕಲಿಕೆ' ಮತ್ತು 'ಜೊತೆಯಾಗಿ ಕಲಿಯುವುದು' ಎರಡನ್ನೂ ಒಟ್ಟಿಗೆ ಬರೆಯಿತು. ಶಾಲೆಗೆ ಬರಲಾಗದ ಮಕ್ಕಳಿಗಾಗಿ ಪಾಠದ ಹೊತ್ತು, ಕ್ರಮ ಬದಲಿಸಿಕೊಳ್ಳಬಹುದಾದ ವಿಶೇಷ ಶಾಲೆಗಳನ್ನು 300ಕ್ಕೆ ಏರಿಸುವ ಗುರಿಯನ್ನು 2023ರಲ್ಲಿ ಇಟ್ಟುಕೊಂಡಿತು ಸರ್ಕಾರ.

2021ರ ಹೊತ್ತಿಗೆ ಅಲ್ಲಿನ ಬಹುತೇಕ ಎಲ್ಲ ಪ್ರಾಥಮಿಕ, ಮಾಧ್ಯಮಿಕ ಶಾಲೆಯ ಮಕ್ಕಳ ಕೈಗೂ ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪ್ ಬಂತು. ಈಗ ಎಲ್ ಆಕಾರದ ಪಾಠದಲ್ಲಿ ಕ್ಲಾಸಿನ ಅಷ್ಟೂ ಮಕ್ಕಳ ಉತ್ತರ ದೊಡ್ಡ ಪರದೆಯ ಮೇಲೆ ಒಮ್ಮೆಲೇ ಕಾಣಿಸಬಹುದು. ಬೋರ್ಡಿಗೆ ಬರಲು ಹೆದರುವ ಮಗುವಿನದೂ ಅದರಲ್ಲಿ ಇರುತ್ತದೆ. ಆದರೆ ಅಷ್ಟರಲ್ಲಿ ಯಾವುದನ್ನು ಮೊದಲು ದೊಡ್ಡದು ಮಾಡಿ ತೋರಿಸಬೇಕು, 24 ಅಂತ ಬರೆದವರದೋ, 30 ಅಂತ ಬರೆದವನದೋ, ಅದನ್ನು ಪರದೆ ಹೇಳುವುದಿಲ್ಲ. ರಟ್ಟು ಹಿಡಿದು ಬೆಂಚುಗಳ ನಡುವೆ ಓಡಾಡುವ ಆ ಹತ್ತು ನಿಮಿಷ ಟೀಚರಿಗೆ ಈಗಲೂ ಬೇಕು.